ಚೌರಪ್ಪನದೊಡ್ಡಿಯ ಪ್ರಸಂಗಗಳು

ಈ ವರ್ಷ ಗುರುದೀಕ್ಷೆ ಪಡೆದ ಆರು ಮಂದಿ ಹೊಸ ಪಾದ್ರಿಗಳು ಕಳೆದ ತಿಂಗಳು ನಮ್ಮ ವಿಶ್ರಾಂತಿಧಾಮಕ್ಕೆ ಬಂದಿದ್ದರು. ಇಲ್ಲಿ ಇರುವವರೆಲ್ಲ ನನ್ನಂಥ ಮುದಿ ಪಾದ್ರಿಗಳೇ. ಊಟವಾದ ಮೇಲೆ ಅವರಲ್ಲೊಬ್ಬ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಫಾದರ್, ಕಷ್ಟಕಾಲದಲ್ಲಿ ಜನರಿಗೆ ವಿಶ್ವಾಸ, ಭರವಸೆ ಬೋಧಿಸೋದು ಹೇಗೆ? ಒಂದೆರಡು ಪಾಯಿಂಟ್ ಹೇಳಿ" ಎಂದು ಡೈರಿ ತೆಗೆದ. ನನಗೆ ಪಾಯಿಂಟು ಯಾವುದೂ ಹೊಳೆಯಲಿಲ್ಲ. ಹೊಳೆದದ್ದು ಒಂದು ಆನೆ, ಒಂದು ಈರುಳ್ಳಿ ಆಟೊ, ಮತ್ತು ತಲೆಯಿಂದ ಪಾದದವರೆಗೆ ಬಿಳಿ ಸೂಟು ಹಾಕಿಕೊಂಡು ನಿಂತ ಮೂವರು. ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರೆ ಅವನ ಭವಿಷ್ಯ ಏನಾದೀತೆಂದು ಹೆದರಿ, ನಿದ್ದೆ ಬರುತ್ತಿದೆ ಎಂದು ಎದ್ದು ಬಂದೆ. ಆಮೇಲೆ ನಾಚಿಕೆಯಾಯಿತು. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಡೈರಿಯವನೂ ಓದಲಿ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನ ಒಂದು ಸೆಮಿನರಿಯಲ್ಲಿ ಇಪ್ಪತ್ತೆರಡು ವರ್ಷ ಮೇಷ್ಟ್ರಾಗಿದ್ದೆ. ನನ್ನ ವಿಷಯ ಪ್ರಬೋಧನೆ. ಎಂದರೆ, ಭಾನುವಾರದ ಪೂಜೆಯಲ್ಲಿ ಪಾದ್ರಿ ಜನರ ಮುಂದೆ ನಿಂತು ಮಾತಾಡುತ್ತಾನಲ್ಲ, ಅದನ್ನು ಹೇಗೆ ಮಾತಾಡಬೇಕು ಎಂಬುದು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಇಳಿಸಬೇಕು, ಎಲ್ಲಿ ಮೌನವಾಗಿ ನಿಂತು ಜನರ ಕಣ್ಣಲ್ಲಿ ಕಣ್ಣಿಡಬೇಕು, ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಸ್ವಂತವಾಗಿ ಒಂದು ಊರಿನ ಜನರಿಗೆ ವಾರವಾರ ಪ್ರಬೋಧನೆ ಮಾಡಿದವನಲ್ಲ. ನನಗೆ ಅರವತ್ತಾದಾಗ ನಮ್ಮ ಧರ್ಮಾಧ್ಯಕ್ಷರು, ಎಂದರೆ ಬಿಷಪರು, ಕರೆಸಿ, "ಇಷ್ಟು ವರ್ಷ ಹೇಳಿಕೊಟ್ಟಿದ್ದೀರಿ. ಒಂದು ಸಲ ಮಾಡಿಯೂ ನೋಡಿ" ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಹಾಗಾಗಿ ಅದು ಆಜ್ಞೆಯೆಂದು ತಿಳಿದೆ.

ಕನಕಪುರದಿಂದ ಕಾಡಿನ ದಿಕ್ಕಿಗೆ ಹೋಗುವ ರಸ್ತೆಯಲ್ಲಿ ಚೌರಪ್ಪನದೊಡ್ಡಿ. ನೂರು ಚಿಲ್ಲರೆ ಕ್ರೈಸ್ತರ ಮನೆ, ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ ಹುಳ. ಬಸ್ಸಿಳಿದಾಗ ನನ್ನ ಟ್ರಂಕು ಎತ್ತಿಕೊಳ್ಳಲು ನಿಂತಿದ್ದವನು ಉಪದೇಶಿ ಇನ್ನಾಸಪ್ಪ. ಉಪದೇಶಿಯೆಂದರೆ ಗುಡಿಯ (ಚರ್ಚಿಗೆ ಅಲ್ಲಿ ಗುಡಿ ಎನ್ನುತ್ತಾರೆ) ಗಂಟೆ ಹೊಡೆಯುವುದರಿಂದ ಹಿಡಿದು ಸಾವಿನ ಮನೆಯಲ್ಲಿ ಜಪ ಹೇಳುವತನಕ ಪಾದ್ರಿಯ ಬಲಗೈಯಾಗಿರುವ ಊರಿನವನು. ಐವತ್ತರ ಆಸುಪಾಸು, ಸಣಕಲು ಮೈ, ಕಡಿಮೆ ಮಾತು. ಅವನ ಪಕ್ಕದಲ್ಲಿ ಕೋಲೂರಿಕೊಂಡು ಜಪಮಾಲೆಮ್ಮ ಎಂಬ ಮುದುಕಿ. ಹೊಸ ಪಾದ್ರಿಯನ್ನು ಮೊದಲು ತಾನೇ ನೋಡಬೇಕೆಂಬುದು ಆಕೆಯ ಹಟವಂತೆ.

"ಇಷ್ಟು ದಿನ ಎಲ್ಲಿದ್ರಿ ಸ್ವಾಮಿ?" ಎಂದರು.

"ಸೆಮಿನರೀಲಿ ಪಾಠ ಹೇಳ್ತಿದ್ದೆ, ಅಮ್ಮ."

"ಏನು ಪಾಠ?"

"ನಂಬಿಕೆ ಬಗ್ಗೆ ಜನಕ್ಕೆ ಹೇಗೆ ಹೇಳಬೇಕು ಅಂತ."

"ಯಾರ್ಗೆ ಹೇಳ್ತಿದ್ರಿ?"

"ಮುಂದೆ ಪಾದ್ರಿ ಆಗೋವ್ರಿಗೆ."

ಮುದುಕಿ ಒಂದು ಗಳಿಗೆ ಯೋಚಿಸಿ, "ಅವ್ರಿಗೆ ನಂಬ್ಕೆ ಇರ್ನಿಲ್ವಾ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಆ ವರ್ಷ ಊರಿನ ಕುರಿಮೇಕೆಗಳಿಗೆ ರೋಗ ಬಿದ್ದಿತ್ತು. ದಿನಕ್ಕೊಂದು ಮನೆಯ ಹಟ್ಟಿ ಖಾಲಿಯಾಗುತ್ತಿತ್ತು. ಜನ ಮಂಕಾಗಿದ್ದಾರೆ, ಮೊದಲ ಭಾನುವಾರವೇ ಒಂದು ಒಳ್ಳೆಯ ಪ್ರಬೋಧನೆ ಕೊಡೋಣವೆಂದು 'ನಿರೀಕ್ಷೆ' ಎಂಬ ವಿಷಯ ಆರಿಸಿಕೊಂಡೆ. ನಮ್ಮ ಪುಸ್ತಕದ ಭಾಷೆಯಲ್ಲಿ ದೇವರ ಮೇಲೆ ಭರವಸೆಯಿಟ್ಟು ಬದುಕುವುದಕ್ಕೆ ಆ ಪದ. ದನಿ ಏರಿಸಿ ಇಳಿಸಿ, "ನಿರೀಕ್ಷೆಯಲ್ಲಿರಿ. ಬರಬೇಕಾದವರು ಬಂದೇ ಬರುತ್ತಾರೆ. ಇಂದೋ ನಾಳೆಯೋ ಹೇಳಲಾಗದು. ಮನೆಗಳನ್ನು ಸಿದ್ಧಮಾಡಿಕೊಳ್ಳಿ" ಎಂದೆ. ಜನ ಕಣ್ಣರಳಿಸಿ ಕೇಳಿದರು. ನಾಟಿತು ಎಂದುಕೊಂಡೆ.

ನಾಟಿತ್ತು ನಿಜ. ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಬೀದಿಗೆಲ್ಲ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದಾರೆ, ಗುಡಿಯ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ, ಹಿತ್ತಲಲ್ಲಿ ನಾಟಿ ಕೋಳಿ ಸಾರು ಕುದಿಯುತ್ತಿದೆ. ತಮಟೆಯವರು ತಮಟೆ ಕಾಯಿಸುತ್ತ ಕೂತಿದ್ದಾರೆ. ಏನು ವಿಶೇಷವೆಂದು ಇನ್ನಾಸಪ್ಪನನ್ನು ಕೇಳಿದೆ.

"ನೀವೇ ಅಂದ್ರಲ್ಲ ಸ್ವಾಮಿ, ಬತ್ತಾರೆ, ಕಾಯ್ಕೊಂಡಿರಿ ಅಂತ. ಬಿಷಪ್ ಸ್ವಾಮಿಗಳು ತಾನೆ?"

ನಾನು ನಿರೀಕ್ಷೆ ಎಂಬ ಪದದ ಅರ್ಥ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಊರ ಬಾಗಿಲಲ್ಲಿ ಬೈಕಿನ ಸದ್ದಾಯಿತು. ಕುರಿಗಳಿಗೆ ಲಸಿಕೆ ಹಾಕಲು ಪಶುವೈದ್ಯ ಇಲಾಖೆಯ ಒಬ್ಬರು ಐಸ್ ಡಬ್ಬಿ ಕಟ್ಟಿಕೊಂಡು ಬಂದಿದ್ದರು. ಹೆಲ್ಮೆಟ್ಟು ತೆಗೆಯುವ ಮೊದಲೇ ಕೊರಳಿಗೆ ಹಾರ ಬಿತ್ತು, ತಮಟೆ ಶುರುವಾಯಿತು. ಬಿಷಪರಲ್ಲ ಎಂದು ಹತ್ತಿರದಿಂದ ನೋಡಿದಾಗ ಎಲ್ಲರಿಗೂ ಗೊತ್ತಾಯಿತು. ಆದರೆ ಹಾಕಿದ ಹಾರ ತೆಗೆಯುವುದು ಹೇಗೆ? ಆ ಮನುಷ್ಯನಿಗೋ ಕಣ್ಣಲ್ಲಿ ನೀರು. "ಇಷ್ಟು ವರ್ಷದ ಸರ್ವೀಸಲ್ಲಿ ಯಾವ ಊರೋರೂ ಹಿಂಗೆ ಮಾಡಿರ್ಲಿಲ್ಲ ಫಾದರ್" ಎಂದು ನನ್ನ ಕೈ ಹಿಡಿದುಕೊಂಡರು. ಎರಡು ಮುದ್ದೆ, ಕೋಳಿ ಸಾರು ಉಂಡು, ಸಾಯಂಕಾಲದವರೆಗೆ ನಿಂತು ಊರಿನ ಒಂದು ಮರಿಯನ್ನೂ ಬಿಡದೆ ಸೂಜಿ ಚುಚ್ಚಿ ಹೋದರು. ರೋಗ ನಿಂತಿತು.

ಮುಂದಿನ ಭಾನುವಾರ ಜಪಮಾಲೆಮ್ಮ ನನ್ನ ಬಳಿ ಬಂದು, "ನೀವು ಹೇಳ್ದಂಗೇ ಬಂದ್ರು ಸ್ವಾಮಿ" ಎಂದು ಕೈಮುಗಿದರು. ನಾನು ತಿದ್ದಲಿಲ್ಲ. ಹೊಸ ಪಾದ್ರಿಗಳು ತಿದ್ದಬೇಕೋ ಬೇಡವೋ, ಅದನ್ನು ನೀವೇ ಯೋಚಿಸಿ.

ಆ ಊರಲ್ಲಿ ಪ್ರಬೋಧನೆಗೆ ಪ್ರಸಂಗ ಎನ್ನುತ್ತಾರೆ. ಪ್ರಸಂಗ ಎಷ್ಟು ಹೊತ್ತು ಇರಬೇಕೆಂಬುದನ್ನು ತೀರ್ಮಾನಿಸುವವನು ಪಾದ್ರಿಯಲ್ಲ, ಇನ್ನಾಸಪ್ಪ. ಅವನು ಪೀಠದ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತಿದ್ದ. ಹನ್ನೆರಡು ನಿಮಿಷಕ್ಕೆ ಒಂದು ಸಲ ಕೆಮ್ಮುತ್ತಿದ್ದ. ಹದಿನೈದಕ್ಕೆ ಎರಡು ಸಲ. ಹದಿನೆಂಟಕ್ಕೆ ಎದ್ದು ಹೋಗಿ ಕಿಟಕಿ ಮುಚ್ಚುವುದು, ತೆಗೆಯುವುದು ಮಾಡುತ್ತಿದ್ದ. ನಾನು ಬೇಸರದಿಂದ ಒಂದು ದಿನ ಕೇಳಿದ್ದಕ್ಕೆ, "ಹೆಣ್ಮಕ್ಳು ಒಲೆ ಮೇಲೆ ಎಸರಿಟ್ಟು ಬಂದಿರ್ತಾರೆ ಸ್ವಾಮಿ. ದೇವ್ರ ಮಾತು ಅಂತ ಎದ್ದೋಗಕೂ ಆಗಲ್ಲ, ಕೂತ್ರೆ ಮನಸ್ಸು ಇಲ್ಲಿರಲ್ಲ" ಎಂದ. ಅಂದಿನಿಂದ ನಾನು ಹನ್ನೊಂದು ನಿಮಿಷಕ್ಕೆ ಮುಗಿಸುತ್ತಿದ್ದೆ. ಒಂದು ಭಾನುವಾರದ ಹೊರತು.

ಅದು ಗುಡಿಯ ಹಬ್ಬದ ಭಾನುವಾರ. ಬಾಗಿಲಿಗೆ ಎರಡೂ ಕಡೆ ಗೊನೆ ಸಮೇತ ಬಾಳೆಕಂದು ಕಟ್ಟಿದ್ದರು. ಬೆಳಗಿನ ಆರೂವರೆಯ ಪೂಜೆ, ಗುಡಿ ಭರ್ತಿ. ಆ ತಿಂಗಳು ಆನೆಗಳ ಕಾಟ ವಿಪರೀತವಾಗಿತ್ತು. ಕಾಡಿನಂಚಿನ ತೋಟಗಳನ್ನು ತುಳಿದು ಹಾಕಿದ್ದವು, ಜನ ಹೊಲಕ್ಕೆ ಹೋಗಲೇ ಅಳುಕುತ್ತಿದ್ದರು. ಆದ್ದರಿಂದ ನಾನು 'ಅಂಜಬೇಡಿ' ಎಂಬ ಮಾತಿನ ಮೇಲೆ ಪ್ರಸಂಗ ಮಾಡುತ್ತಿದ್ದೆ. ಜನ ನನ್ನ ಕಡೆ ಮುಖ ಮಾಡಿ ಕೂತಿದ್ದಾರೆ, ನಾನು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದೇನೆ. ಒಂಬತ್ತನೆಯ ನಿಮಿಷಕ್ಕೆ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ನೋಡಿದರೆ ಒಂಟಿ ಸಲಗ.

ಅದು ಸದ್ದೇ ಮಾಡಲಿಲ್ಲ. ಮದುವೆ ಮನೆಗೆ ತಡವಾಗಿ ಬಂದ ಹಿರಿಯರ ಹಾಗೆ ಬಾಗಿಲಲ್ಲಿ ನಿಂತು ಒಳಗೊಮ್ಮೆ ನೋಡಿ, ಎಡಗಡೆಯ ಬಾಳೆಗೊನೆಗೆ ಸೊಂಡಿಲು ಹಾಕಿತು.

ಗುಡಿಗೆ ಇರುವುದು ಅದೊಂದೇ ದೊಡ್ಡ ಬಾಗಿಲು. ಒಳಗೆ ಮುನ್ನೂರು ಜನ. ನಾನು ಮಾತು ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ನೋಡಿದರೆ ಕಿರುಚುತ್ತಾರೆ, ಕಿರುಚಿದರೆ ಆಮೇಲಿನದು ಯೋಚಿಸಲಾರೆ. ನಾನು ಮಾತು ನಿಲ್ಲಿಸಲಿಲ್ಲ. "ಅಂಜಬೇಡಿ" ಎಂದೆ. ಆನೆ ಎಡಗಡೆಯ ಗೊನೆ ಮುಗಿಸಿ ಕಂದಿಗೆ ಕೈಹಾಕಿತು. "ಮತ್ತೆ ಹೇಳುತ್ತೇನೆ, ಅಂಜಬೇಡಿ" ಎಂದೆ. ಇನ್ನಾಸಪ್ಪ ಕೆಮ್ಮಿದ. ನಾನು ಅವನ ಕಡೆ ನೋಡಲಿಲ್ಲ. ಬರೆದು ತಂದದ್ದೆಲ್ಲ ಮುಗಿದಿತ್ತು. ಕೈಗೆ ಸಿಕ್ಕಿದ ಹಗ್ಗ ಹಿಡಿದ ಹಾಗೆ ಯೇಸುಸ್ವಾಮಿಯ ವಂಶಾವಳಿ ಹಿಡಿದುಕೊಂಡೆ. ಇಂಥವರಿಗೆ ಇಂಥವರು ಹುಟ್ಟಿದರು, ಅವರಿಗೆ ಇವರು ಹುಟ್ಟಿದರು ಎಂದು ನಿಧಾನವಾಗಿ, ಒಂದೇ ದನಿಯಲ್ಲಿ, ಜೋಗುಳದ ಹಾಗೆ. ಇನ್ನಾಸಪ್ಪ ಎರಡು ಸಲ ಕೆಮ್ಮಿದ. ಆನೆ ಬಲಗಡೆಯ ಕಂದಿಗೆ ಬಂತು.

ವಂಶಾವಳಿಯೂ ಮುಗಿಯಿತು. ಬೇರೆ ದಾರಿ ಕಾಣದೆ ನನ್ನ ಸ್ವಂತ ವಂಶಾವಳಿ ಶುರುಮಾಡಿದೆ. ನಮ್ಮ ತಾತನಿಗೆ ಏಳು ಮಕ್ಕಳು, ದೊಡ್ಡಪ್ಪನಿಗೆ ನಾಲ್ಕು, ಅದರಲ್ಲಿ ಎರಡನೆಯವಳನ್ನು ಮೈಸೂರಿಗೆ ಕೊಟ್ಟಿದ್ದು, ಅವಳ ಗಂಡ ರೈಲ್ವೆಯಲ್ಲಿದ್ದದ್ದು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನವರು ತೂಕಡಿಸತೊಡಗಿದ್ದರು. ಇನ್ನಾಸಪ್ಪ ಕಿಟಕಿ ಮುಚ್ಚಲು ಎದ್ದ. "ಇನ್ನಾಸಪ್ಪ, ಕೂತ್ಕೋ" ಎಂದು ಮೈಕಿನಲ್ಲೇ ಗದರಿದೆ. ಆ ಊರಲ್ಲಿದ್ದ ಒಂಬತ್ತು ವರ್ಷದಲ್ಲಿ ಅವನನ್ನು ಗದರಿದ್ದು ಅದೊಂದೇ ಸಲ. ಕೂತುಬಿಟ್ಟ.

ಚಿಕ್ಕಮ್ಮನ ಮಕ್ಕಳ ಹತ್ತಿರ ಬರುವಷ್ಟರಲ್ಲಿ ಆನೆ ಕೈತೊಳೆಯುವ ತೊಟ್ಟಿಯ ನೀರು ಕುಡಿದು, ತಿರುಗಿ, ಬಂದ ದಾರಿಯಲ್ಲೇ ತೋಪಿನ ಕಡೆ ಹೋಯಿತು. ಅಂದು ನಾನು ಐವತ್ತು ನಿಮಿಷ ಮಾತಾಡಿದ್ದೆ.

ಪೂಜೆ ಮುಗಿದ ಮೇಲೆ ಜನ ಸಿಟ್ಟಿನಿಂದ ಹೊರಗೆ ಹೊರಟವರು ಬಾಗಿಲಲ್ಲೇ ನಿಂತರು. ಕಂದು ಇಲ್ಲ, ಗೊನೆ ಇಲ್ಲ. ಮೆಟ್ಟಿಲ ಪಕ್ಕದಲ್ಲಿ ಬಿಸಿ ಲದ್ದಿ. ಇನ್ನಾಸಪ್ಪ ಅದನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ.

"ಇದ ನೋಡ್ಕೊಂಡೇ ಅಂಜಬ್ಯಾಡಿ ಅಂತಿದ್ರಾ ಸ್ವಾಮಿ?"

"ಹೂಂ."

"ನಿಮ್ಗೆ ಅಂಜ್ಕೆ ಆಗ್ನಿಲ್ವಾ?"

"ಕಾಲು ನಡುಗ್ತಿತ್ತು ಕಣಪ್ಪ. ಮುಂದೆ ಮೇಜಿತ್ತು, ಯಾರಿಗೂ ಕಾಣಲಿಲ್ಲ."

ಆ ಪ್ರಸಂಗದಿಂದ ನನ್ನ ಹೆಸರು ಮಾಗಡಿಯವರೆಗೂ ಹೋಯಿತು. ಆದರೆ ನೀವು ಹಿಗ್ಗುವ ಮೊದಲು ಇದನ್ನೂ ಕೇಳಿ. ಮುಂದಿನ ಭಾನುವಾರದಿಂದ ಅರ್ಧ ಗುಡಿ ನನಗೆ ಬೆನ್ನು ಹಾಕಿ ಬಾಗಿಲ ಕಡೆ ಮುಖಮಾಡಿ ಕೂತಿತು. ಅದನ್ನು ಸರಿಮಾಡಲು ಎರಡು ತಿಂಗಳು ಹಿಡಿಯಿತು.

ಹೀಗೆ ಬಿದ್ದು ಎದ್ದು ಪ್ರಸಂಗ ಮಾಡುವುದು ಒಸಿ ರೂಢಿಯಾಯಿತು ಎನ್ನುವ ಹೊತ್ತಿಗೆ ಕೊರೊನಾ ಬಂತು. ಗುಡಿಗೆ ಬೀಗ ಬಿತ್ತು. ಆ ಮೊದಲ ಸಲ ಬೀಗ ಬಿದ್ದಾಗ ಮೊಬೈಲಿನಲ್ಲಿ ಪ್ರಸಂಗ ರೆಕಾರ್ಡು ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ಜನ ಚೆನ್ನಾಗಿತ್ತು ಎನ್ನುತ್ತಿದ್ದರು. ಜಪಮಾಲೆಮ್ಮನ ಸೊಸೆ ಮಾತ್ರ ನಿಜ ಹೇಳಿದಳು: "ಫಾಸ್ಟ್ ಮಾಡ್ಕೊಂಡು ಕೇಳ್ತೀವಿ ಸ್ವಾಮಿ. ಐದು ನಿಮ್ಷಕ್ಕೆ ಮುಗೀತದೆ. ನಿಮ್ಮ ಗಂಟ್ಲು ಗುಬ್ಬಚ್ಚಿ ಥರ ಕೇಳ್ತದೆ, ಅತ್ತೆ ನಕ್ಕು ನಕ್ಕು ಸಾಕಾಗ್ತಾರೆ." ನಾನು ಸಾವಿನ ಭಯದ ಬಗ್ಗೆ ಮಾತಾಡಿದ್ದ ವಾರವದು.

ಎರಡನೆಯ ಸಲ ಬೀಗ ಬಿದ್ದಾಗ ನಗುವ ಸ್ಥಿತಿ ಇರಲಿಲ್ಲ. ಊರಲ್ಲಿ ವಾರಕ್ಕೊಂದು ಸಾವು. ಜನ ಫೋನು ಎತ್ತುವುದನ್ನೇ ಬಿಟ್ಟರು, ಎತ್ತಿದರೆ ಏನು ಸುದ್ದಿಯೋ ಎಂದು. ಆಗ ನನ್ನ ಕಣ್ಣಿಗೆ ಬಿದ್ದದ್ದು ಚಾಂದ್ ಪಾಷನ ಆಟೊ. ಪಾಷ ಚನ್ನಪಟ್ಟಣದವನು, ಗೊಂಬೆ ಕಡೆಯುವ ಕೆಲಸ. ಗೊಂಬೆ ಕೊಳ್ಳುವವರಿಲ್ಲದೆ ಆಟೊದಲ್ಲಿ ಈರುಳ್ಳಿ ತುಂಬಿಕೊಂಡು ತನ್ನ ಹೆಂಡತಿಯ ತವರಿನ ಕಡೆಯಾದ ನಮ್ಮ ಹಳ್ಳಿಗಳನ್ನು ಸುತ್ತುತ್ತಿದ್ದ. ಆಟೊದ ತಲೆಯ ಮೇಲೆ ಒಂದು ಸ್ಪೀಕರು. ಪ್ರಸಂಗ ಹೇಳಲು ಅದನ್ನು ಕೊಡುತ್ತೀಯಾ ಎಂದು ಕೇಳಿದೆ.

"ಅದರಲ್ಲೇನೈತೆ ಫಾದರ್ ಸಾಬ್, ಹತ್ತಿ" ಎಂದ. "ಒಂದೇ ಒಂದು ಮಾತು. ಮೈಕಲ್ಲಿ ಮಾತು ನಿಂತ್ರೆ ಮಿಶನ್ನು ತಾನಾಗೇ ನಂದು ರೆಕಾರ್ಡಿಂಗು ಶುರು ಮಾಡ್ತದೆ. ಅದನ್ನ ಆಫ್ ಮಾಡಕ್ಕೆ ನಂಗೂ ಬರಲ್ಲ. ನೀವು ನಿಲ್ಲಿಸ್ಬ್ಯಾಡಿ, ಅಷ್ಟೇ."

ಸೆಮಿನರಿಯಲ್ಲಿ ನಾನು ಅತಿ ಹೆಚ್ಚು ಸಮಯ ಪಾಠ ಮಾಡಿದ್ದು ಮೌನದ ಬಗ್ಗೆ. ಪ್ರಶ್ನೆ ಕೇಳಿ, ಐದು ಎಣಿಸುವವರೆಗೆ ಸುಮ್ಮನಿದ್ದು, ಆಮೇಲೆ ಉತ್ತರ ಹೇಳಬೇಕು. ಇಪ್ಪತ್ತೆರಡು ಬ್ಯಾಚು ಹುಡುಗರಿಗೆ ಕಲಿಸಿದ ಅಭ್ಯಾಸ ನಾಲಿಗೆಗೆ ಅಂಟಿಕೊಂಡಿತ್ತು. ಮೊದಲ ಬೀದಿಯಲ್ಲಿ ಆಟೊದಿಂದ ಕೇಳಿದೆ: "ಪ್ರಿಯರೇ, ಈ ಕತ್ತಲ ಕಾಲದಲ್ಲಿ ಸ್ವಾಮಿ ನಮಗೆ ಏನನ್ನು ಕೊಡುತ್ತಾರೆ?" ಸುಮ್ಮನಾದೆ. ಸ್ಪೀಕರು ಪಾಷನ ಕಂಠದಲ್ಲಿ ಉತ್ತರ ಹೇಳಿತು: "ಈರುಳ್ಳಿ, ಈರುಳ್ಳಿ, ಒಣಗಿದ ಈರುಳ್ಳಿ."

ಬಾಗಿಲುಗಳು ತೆರೆದವು. ಹೆಂಗಸರು ಮಾಸ್ಕು ಸರಿಮಾಡಿಕೊಂಡು ಚೀಲ ಹಿಡಿದು ಬಂದರು. ತೂಗಿಸಿಕೊಳ್ಳುತ್ತ ನಿಂತವರಿಗೆ ನಾನು ಉಳಿದದ್ದನ್ನು ಹೇಳಿದೆ, ಕೇಳಿದರು. ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ನಾನೊಂದಿಷ್ಟು, ಪಾಷ ಒಂದಿಷ್ಟು. ಸಾವಾದ ಮನೆಯ ಮುಂದೆ ಪಾಷ ತಾನೇ ಇಳಿದು, ಒಂದು ಹಿಡಿ ಈರುಳ್ಳಿ ಬಾಗಿಲಲ್ಲಿಟ್ಟು ಬರುತ್ತಿದ್ದ.

ಹೀಗಿರುವಾಗ ಇನ್ನಾಸಪ್ಪನ ಹೆಂಡತಿ ಲೂರ್ದಮ್ಮ ಹೋದಳು. ನಾಲ್ಕು ದಿನದ ಜ್ವರ, ಉಸಿರಾಟದ ತೊಂದರೆ, ಆಸ್ಪತ್ರೆ, ಅಷ್ಟೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರಿಂದ ಮುಖ ನೋಡುವುದಕ್ಕೂ ಆಗಲಿಲ್ಲ. ಸಮಾಧಿಯ ಹತ್ತಿರ ಇದ್ದವರು ನಾನು, ಅವನು, ಮಣ್ಣು ಹಾಕಿದ ನಾಲ್ವರು. ಪುಸ್ತಕದಲ್ಲಿದ್ದ ಪ್ರಾರ್ಥನೆ ಓದಿ, ಎರಡು ಮಾತು ಹೇಳಲು ಹೊರಟೆ. ಇನ್ನಾಸಪ್ಪ ಕೈಯೆತ್ತಿ ತಡೆದ. ಜೇಬಿನಿಂದ ಗುಡಿಯ ಬೀಗದ ಕೈ ತೆಗೆದು ನನ್ನ ಕೈಯಲ್ಲಿಟ್ಟ.

"ನಾಳಿಂದ ನನ್ನ ಕರೀಬ್ಯಾಡಿ ಸ್ವಾಮಿ. ಆ ಮಾತೆಲ್ಲ ಕೇಳಕ್ಕೆ ನಂಗೆ ಕಿವಿ ಇಲ್ಲ ಈಗ."

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಭಯವಾಯಿತು. ಏಕೆಂದರೆ ನನಗೂ ಆಗ ನನ್ನ ಮಾತು ಕೇಳುತ್ತಿರಲಿಲ್ಲ. ಬಾಯಿ ಆಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಆಟೊ ಅವನ ಮನೆಯ ಮುಂದೆ ಬಂದಾಗಲೆಲ್ಲ ಮೈಕು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ. ಮುಚ್ಚಿದ ಆ ಬಾಗಿಲಿಗೆ ದಿನವೂ ಕೇಳುತ್ತಿದ್ದದ್ದು ಈರುಳ್ಳಿ, ಈರುಳ್ಳಿ ಎಂಬುದು ಮಾತ್ರ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಜಪಮಾಲೆಮ್ಮ ಫೋನು ಮಾಡಿದರು.

"ಸ್ವಾಮಿ, ಇನ್ನಾಸನ್ನ ಕೂಗ್ಸಿ ಮಾತಾಡ್ಸಿದೆ. ನಾಕ್ನೇ ಜರ ಅಂತೆ. ಯಾರೂ ಒಳಕ್ಕೆ ಬರಬ್ಯಾಡಿ ಅಂತ ಬಾಗ್ಲಾಕ್ಕೊಂಡವ್ನೆ. ಒಬ್ನೇ ಏನು ಮಾಡ್ತಾನೋ."

ಹೆಂಡತಿಯದೂ ನಾಲ್ಕು ದಿನದ ಜ್ವರ. ಒಂದು ಕ್ಷಣವೂ ತಡಮಾಡದೆ ಕನಕಪುರಕ್ಕೆ ಫೋನು ಮಾಡಿ, ನಮ್ಮ ಊರಲ್ಲೊಬ್ಬ ರೋಗಿ ಬಾಗಿಲು ಹಾಕಿಕೊಂಡಿದ್ದಾನೆ, ಬದುಕಿಸಿಕೊಡಿ ಎಂದು ಗೋಗರೆದೆ. ಒಂದು ಗಂಟೆಯೊಳಗೆ ಅಂಬುಲೆನ್ಸು ಸೈರನ್ ಹಾಕಿಕೊಂಡು ಬಂತು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಒಬ್ಬ ವೈದ್ಯೆ, ಜೊತೆಗಿಬ್ಬರು, ಮೂವರೂ ಬಿಳಿ ಸೂಟಿನಲ್ಲಿ. ಊರೆಲ್ಲ ಮಾಳಿಗೆ ಹತ್ತಿ ನಿಂತಿತು. ನಾನು ಇನ್ನಾಸಪ್ಪನ ಬಾಗಿಲು ಬಡಿದೆ.

ಬಾಗಿಲು ತೆರೆಯಿತು. ಇನ್ನಾಸಪ್ಪ ಗಡ್ಡ ಬಿಟ್ಟಿದ್ದ, ಸೋತಿದ್ದ. ಆದರೆ ಜ್ವರದವನ ಹಾಗೆ ಕಾಣಲಿಲ್ಲ. ಕೈಯಲ್ಲಿ ಸೊಪ್ಪು ಕತ್ತರಿಸುವ ಮಚ್ಚು.

"ಪೇಶೆಂಟ್ ಎಲ್ಲಿ?" ಎಂದರು ವೈದ್ಯೆ.

"ಯಾವ ಪೇಶೆಂಟು?"

"ಜ್ವರ ಅಂತ ಹೇಳಿದ್ರಲ್ಲ."

"ಓ, ಅವಾ? ಒಳ್ಗವೆ. ಕೂತವೆ."

"ಎಷ್ಟು ಜನ?"

ಇನ್ನಾಸಪ್ಪ ಒಳಗೆ ತಿರುಗಿ ನೋಡಿ ಅಂದಾಜು ಮಾಡಿದ. "ಒಂದಿಪ್ಪತ್ತು ಸಾವ್ರ ಇರಬೋದು."

ವೈದ್ಯೆ ನನ್ನ ಕಡೆ ತಿರುಗಿದರು. ಸೂಟಿನೊಳಗೆ ಮುಖ ಕಾಣಲಿಲ್ಲ, ನನಗೆ ಅದೇ ಒಳ್ಳೆಯದಾಯಿತು.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಎದ್ದು ಮತ್ತೆ ತಿನ್ನುತ್ತದೆ. ಆ ಕೂರುವುದಕ್ಕೆ ನಮ್ಮ ಕಡೆಯ ರೈತರು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾನು ವರ್ಷಗಟ್ಟಲೆ ರೇಷ್ಮೆಯ ಊರಲ್ಲಿದ್ದು ಪ್ರತಿ ಹುಳದ ಮನೆಯನ್ನೂ ಹರಸಿದ್ದೆ, ಆದರೆ ಎಲ್ಲವನ್ನೂ ಹೊಸ್ತಿಲ ಹೊರಗಿನಿಂದ. ಹೊರಗಿನವರ ಕಾಲಿನಲ್ಲಿ ಹುಳಕ್ಕೆ ರೋಗ ಬರುತ್ತದೆಂದು ಒಳಗೆ ಬಿಡುತ್ತಿರಲಿಲ್ಲ. ಈ ಹುಳಗಳನ್ನು ಲೂರ್ದಮ್ಮ ಕಾಯಿಲೆ ಬೀಳುವ ಮೊದಲೇ ಹೇಳಿಟ್ಟಿದ್ದಳಂತೆ. ಅವಳು ಹೋದ ಮೇಲೆ ಮರಿಹುಳ ಮಾರುವವರು ತಂದು ಬಾಗಿಲಿಗೆ ಇಳಿಸಿ ಹೋಗಿದ್ದರು. ಹಿಂದಕ್ಕೆ ಕಳಿಸುವ ಮನಸ್ಸಾಗದೆ ಇಬ್ಬರ ಕೆಲಸವನ್ನು ಇವನೊಬ್ಬನೇ ಮಾಡುತ್ತಿದ್ದ.

ಬಿಳಿ ಸೂಟಿನವರು ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದರು. "ಇಷ್ಟು ದೂರ ಬಂದಿದ್ದಕ್ಕೆ ನಿಮ್ಮದಾದರೂ ಟೆಸ್ಟ್ ಮಾಡ್ಕೊಂಡು ಹೋಗ್ತೀವಿ, ಬನ್ನಿ ಫಾದರ್" ಎಂದು ವೈದ್ಯೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಮೂಗಿನೊಳಗೆ ಕಡ್ಡಿ ಬಿಟ್ಟರು. ಊರೆಲ್ಲ ಮಾಳಿಗೆಯ ಮೇಲಿಂದ ನೋಡುತ್ತಿತ್ತು. ನನಗೆ ಜೋರಾಗಿ ಸೀನು ಬಂತು. ಮೂವರೂ ಒಟ್ಟಿಗೆ ಹಿಂದಕ್ಕೆ ಹಾರಿ ಇನ್ನಾಸಪ್ಪನ ಸೊಪ್ಪಿನ ರಾಶಿಯ ಮೇಲೆ ಬಿದ್ದರು.

ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ ಇನ್ನಾಸಪ್ಪನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಬಹಳ ಹೊತ್ತು ನಕ್ಕ. ಕೊನೆಕೊನೆಗೆ ಅತ್ತ.

ಅವರು ಹೋದ ಮೇಲೆ ಕಣ್ಣೊರೆಸಿಕೊಂಡು ಹೇಳಿದ: "ಊರ್ಗೆಲ್ಲ ಅಂಬುಲೆನ್ಸು ತೋರ್ಸಿ ಮಾನ ಕಳುದ್ರಿ. ಹೆಂಗೂ ಬಂದಿದ್ದೀರಿ. ಕಾಲು ತೊಳ್ಕೊಂಡು, ಸುಣ್ಣ ತುಳ್ದು ಒಳಕ್ಕೆ ಬನ್ನಿ. ನಾಳೆ ಜರ ಎದ್ದೇಳ್ತವೆ, ಒಬ್ಬನ ಕೈಲಿ ಸೊಪ್ಪು ಹಾಕಕ್ಕೆ ಆಗಲ್ಲ."

ಎಂಟು ದಿನ ನಾನು ಅವನ ಹುಳದ ಮನೆಯಲ್ಲಿ ಕೂಲಿ. ಪಾಷನಿಗೆ ಆಟೊದಲ್ಲಿ ಒಬ್ಬನೇ ಹೋಗು ಎಂದಿದ್ದೆ. ಜ್ವರದಿಂದ ಎದ್ದ ಹುಳದ ಹಸಿವು ನೋಡಿಯೇ ತಿಳಿಯಬೇಕು. ಸೊಪ್ಪು ಹರಡಿದ ಐದು ನಿಮಿಷಕ್ಕೆ ಮನೆಯೆಲ್ಲ ಚರಚರ ಸದ್ದು. ಎರಡನೆಯ ದಿನವೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಸತ್ತಂತೆ ಕೂತದ್ದು ಎದ್ದಿದೆ, ಹಳೆಯದನ್ನು ಕಳಚಿದೆ, ಮೊದಲಿಗಿಂತ ದೊಡ್ಡದಾಗಿದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ?

"ಇನ್ನಾಸಪ್ಪ, ನೋಡು, ಈ ಹುಳ..." ಎಂದು ಶುರುಮಾಡಿದೆ.

"ಪ್ರಸಂಗ ಮಾಡಬ್ಯಾಡಿ ಸ್ವಾಮಿ."

"ಇಲ್ಲ, ಇದು ಚೆನ್ನಾಗಿದೆ. ನಾಲ್ಕು ಸಲ ಜ್ವರ ಬಂದರೂ..."

"ಗೂಡು ಕಟ್ಟಿದ್ ಮೇಲೆ ಇವನ್ನ ಬಿಸಿನೀರ್ಗೆ ಹಾಕ್ತಾರಲ್ಲ, ಅದನ್ನೂ ಹೇಳ್ತೀರಾ?"

ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡೆ.

"ಸೊಪ್ಪು ಹಾಕಿ" ಎಂದ. "ಅಂಚಿಗೆ ಹಾಕಿ, ಮೂಲೇಲಿರೋವ್ಕೆ ಸಿಗಲ್ಲ." ಸ್ವಲ್ಪ ಹೊತ್ತಾದ ಮೇಲೆ, ತಟ್ಟೆಯಿಂದ ಕಣ್ಣೆತ್ತದೆ ಮತ್ತೆ ಹೇಳಿದ: "ನಮ್ಮನೆ ಮುಂದೆ ಬಂದಾಗ ಏನೂ ಹೇಳ್ದಂಗೆ ಹೋಗ್ತಿದ್ರಲ್ಲ, ಬರೀ ಈರುಳ್ಳಿ ಅಂತ. ಅದೊಂದು ನಂಗೆ ಸಮಾಧಾನ ಆಗ್ತಿತ್ತು. ನಿಮ್ಗೂ ಗೊತ್ತಾಗ್ತಿಲ್ಲ ಅಂತ."

ನನ್ನ ಸೇವೆಯಲ್ಲಿ ನನಗೆ ಸಿಕ್ಕಿದ ಹೊಗಳಿಕೆಗಳಲ್ಲಿ ಇದನ್ನು ಮೇಲೆ ಇಟ್ಟುಕೊಂಡಿದ್ದೇನೆ. ಹೊಗಳಿಕೆ ಹೌದೋ ಅಲ್ಲವೋ ಇವತ್ತಿಗೂ ಖಾತ್ರಿಯಿಲ್ಲ.

ಹುಳ ಮೇವು ಬಿಟ್ಟು ಹಣ್ಣಾದವು. ಇಬ್ಬರೂ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಟ್ಟೆವು. ಗೂಡನ್ನು ಪಾಷನ ಆಟೊದಲ್ಲೇ ರಾಮನಗರದ ಮಾರುಕಟ್ಟೆಗೆ ಸಾಗಿಸಿದೆವು. ದಾರಿಯುದ್ದಕ್ಕೂ ಸ್ಪೀಕರು ಈರುಳ್ಳಿ ಕೂಗಿದ್ದರಿಂದ ಮೂರು ಕಡೆ ಜನ ತಡೆದು ಗೂಡನ್ನು ಕೆದಕಿ ನೋಡಿದರು. ಇನ್ನಾಸಪ್ಪ ಹಿಂದಿರುಗಿ ಬರುವಾಗ ಎರಡನೆಯ ಬೆಳೆಗೆ ಮರಿಹುಳ ಹೇಳಿಬಂದ. ಗುಡಿಗೆ ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಷಾಢದಲ್ಲಿ ಗುಡಿ ತೆರೆಯಬಹುದೆಂದು ಆದೇಶ ಬಂತು. ಒಂದು ಬೆಂಚು ಬಿಟ್ಟು ಒಂದು ಬೆಂಚು, ಎಲ್ಲರ ಮುಖಕ್ಕೂ ಬಟ್ಟೆ. ಬೀಗ ತೆಗೆದು, ಗಂಟೆ ಹೊಡೆದು, ಪೀಠ ಒರೆಸಿ, ಎಲ್ಲ ನಾನೇ ಮಾಡಿದೆ. ಪೂಜೆ ಶುರುವಾದ ಮೇಲೆ ಇನ್ನಾಸಪ್ಪ ಬಂದ. ಸ್ಟೂಲಿನ ಕಡೆ ಹೋಗದೆ ಹಿಂದಿನ ಬೆಂಚಿನ ತುದಿಯಲ್ಲಿ ಕೂತ.

ಪ್ರಸಂಗದ ಹೊತ್ತು ಬಂತು. ಮೂರು ದಿನ ಕೂತು ಬರೆದ ನಾಲ್ಕು ಹಾಳೆ ಕೈಯಲ್ಲಿತ್ತು. ಎದುರಿಗೆ ನೋಡಿದೆ. ಬೆಂಚಿನಲ್ಲಿ ಖಾಲಿ ಜಾಗಗಳು. ಯಾವುದು ಅಂತರಕ್ಕೆ ಬಿಟ್ಟದ್ದು, ಯಾವುದು ಇನ್ನೆಂದೂ ಬರದವರದು ಎಂದು ನನಗೆ ಒಂದೊಂದೂ ಗೊತ್ತಿತ್ತು. ಬಾಯಿ ತೆರೆದೆ, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದೆ. ಜನ ಕಾಯುತ್ತಿದ್ದರು.

ಹಿಂದಿನಿಂದ ಇನ್ನಾಸಪ್ಪ ಎದ್ದ. ಬೆಂಚುಗಳ ನಡುವೆ ನಡೆದು ಮುಂದೆ ಬಂದು ಜನರ ಕಡೆ ತಿರುಗಿದ. ಮಾಸ್ಕು ಕೆಳಗೆ ಎಳೆದು ಗಂಟಲು ಸರಿಮಾಡಿಕೊಂಡ.

"ಸ್ವಾಮಿಗಳು ಒಸಿ ಸುಧಾರ್ಸ್ಕೊಳ್ಳಿ. ಅಷ್ಟರಲ್ಲಿ ಒಂದ್ ವಿಷ್ಯ. ಈಗ ಮನೆಮನೇಲೂ ಕೈ ಕಮ್ಮಿ ಆಗವೆ. ಯಾರ ಮನೇಲಿ ಹುಳ ಐತೆ, ಸೊಪ್ಪು ಹಾಕಕ್ಕೆ ಜನ ಇಲ್ಲ, ಅವ್ರು ಕೈ ಎತ್ತಿ. ಎಷ್ಟು ಮನೆ ಅಂತ ನೋಡ್ಕೊಂಡು ಸರದಿ ಹಾಕವ. ನಾಚ್ಕೋಬ್ಯಾಡಿ."

ಯಾರೂ ಅಲುಗಲಿಲ್ಲ. ಆ ಊರಿನವರಿಗೆ ನೆರವು ಕೇಳುವುದೆಂದರೆ ಪಾಪನಿವೇದನೆಗಿಂತ ಕಷ್ಟ. ಕೊನೆಗೆ ಮೊದಲ ಬೆಂಚಿನಲ್ಲಿ ಒಂದು ಸುಕ್ಕುಗಟ್ಟಿದ ಕೈ ಮೇಲೆದ್ದಿತು. ಜಪಮಾಲೆಮ್ಮ.

"ಅಜ್ಜಿ, ನಿಮ್ಮನೇಲಿ ಹುಳ ಎಲ್ಲೈತೆ?"

"ಹುಳ ಇಲ್ಲ ಕಣ್ಲಾ. ಹಲಸ್ನಣ್ಣು ಐತೆ, ಬಿಡ್ಸಕ್ಕೆ ಆಗ್ತಾ ಇಲ್ಲ. ಸ್ವಾಮಿಗಳ್ನ ಕಳ್ಸು."

ಮಾಸ್ಕುಗಳ ಹಿಂದೆ ನಗು ಹರಿದಾಡಿತು. ಆಮೇಲೆ ಎಡಗಡೆ ಒಂದು ಕೈ ಎದ್ದಿತು. ಬಲಗಡೆ ಎರಡು. ಗಂಡನನ್ನು ಕಳೆದುಕೊಂಡವಳೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಎತ್ತಿದಳು. ಇನ್ನಾಸಪ್ಪ ಬೆರಳು ಮಡಿಸುತ್ತ ಎಣಿಸಿದ. ಹತ್ತೊಂಬತ್ತಾಯಿತು. ಇನ್ನೊಬ್ಬರು ಇದ್ದಾರೆಯೇ ಎಂದು ಸುತ್ತ ನೋಡಿದ. ಯಾರೂ ಇರಲಿಲ್ಲ. ಒಂದು ಗಳಿಗೆ ತಲೆ ತಗ್ಗಿಸಿ ನಿಂತಿದ್ದು, ತನ್ನ ಕೈಯನ್ನೂ ಮೇಲೆತ್ತಿದ.

ನಾನು ನಾಲ್ಕೂ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಪ್ರಸಂಗವಾದ ಮೇಲೆ ಎಲ್ಲರೂ ಸೇರಿ, ನಾವು ನಂಬುತ್ತೇವೆ ಎಂದು ಸಾರುವ ವಿಶ್ವಾಸ ಪ್ರಕಟಣೆ ಹೇಳುವುದು ಪೂಜೆಯ ಕ್ರಮ. "ಎದ್ದು ನಿಲ್ಲಿ" ಎಂದೆ. ಕೈ ಇಳಿಸಿ ಎಂದು ಹೇಳಲು ನನಗೆ ಹೊಳೆಯಲಿಲ್ಲ. ಅವರು ಎತ್ತಿದ ಕೈಯಲ್ಲೇ ಎದ್ದು ನಿಂತರು.